ಸಹಾಯ ಬೇಕು: ಇಂಕ್‌ಸ್ಕೇಪ್‌ನಲ್ಲಿ ಬಾಗಿದ ಪಟ್ಟಿಗೆ ಗ್ರೇಡಿಯಂಟ್

ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ನಮ್ಮೂರ ಸಂಘದ ಲೋಗೋವನ್ನು ವೆಕ್ಟರ್‌ನಲ್ಲಿ (ಎಷ್ಟು ಹಿಗ್ಗಿಸಿದರೂ ಮಸುಕಾಗದ ಗೆರೆಚಿತ್ರವಾಗಿ) ಮತ್ತೆ ಬರೆಯುತ್ತಿದ್ದೇನೆ. ಮೂಲ ಫೈಲ್ ಯಾರ ಹತ್ತಿರವೂ ಇಲ್ಲ. ಸಿಕ್ಕಿದ್ದು ವಾಟ್ಸಾಪ್‌ನಲ್ಲಿ ಹತ್ತಾರು ಕೈ ದಾಟಿ ಬಂದ 300 ಪಿಕ್ಸೆಲ್ ಜೆಪೆಗ್ ಮಾತ್ರ. ಚಿತ್ರವನ್ನು ತಾನಾಗಿಯೇ ವೆಕ್ಟರ್ ಮಾಡುವ ಟ್ರೇಸ್ ಬಿಟ್‌ಮ್ಯಾಪ್ ಹಾಕಿದರೆ ಬಣ್ಣವೆಲ್ಲ ಚಿರೋಟಿ ಪದರದ ಹಾಗೆ ಪಟ್ಟೆ ಪಟ್ಟೆಯಾಗುತ್ತದೆ. ಹಾಗಾಗಿ ಪೆನ್ ಟೂಲ್‌ನಲ್ಲೇ ಬರೆದೆ. ಆಕಾರ ಚೆನ್ನಾಗಿಯೇ ಬಂತು.

ತೊಂದರೆ ಇರುವುದು ಸೂರ್ಯನ ಸುತ್ತ ಬಾಗಿದ ಪಟ್ಟಿಯಲ್ಲಿ. ಬಣ್ಣ ಹಳದಿಯಿಂದ ಕೆಂಪಿಗೆ ಆ ಬಾಗಿನ ಜೊತೆಗೇ ತಿರುಗಬೇಕು. ಗ್ರೇಡಿಯಂಟ್‌ಗಳಲ್ಲಿ (ಒಂದು ಬಣ್ಣ ನಿಧಾನವಾಗಿ ಇನ್ನೊಂದಾಗುವ ತುಂಬುವಿಕೆ) ಲೀನಿಯರ್ ನೇರ ಹೋಗುತ್ತದೆ, ರೇಡಿಯಲ್ ನಡುವಿನಿಂದ ಹರಡುತ್ತದೆ. ಬಲೆಯ ಹಾಗೆ ಬಿಂದು ಬಿಂದುವಿಗೂ ಬಣ್ಣ ಕೊಡುವ ಮೆಶ್ ಗ್ರೇಡಿಯಂಟ್ ಸರಿ ಬಂತು, ಆದರೆ ಬ್ರೌಸರ್‌ಗಳು ಎಸ್‌ವಿಜಿಯಲ್ಲಿ (ವೆಬ್‌ನಲ್ಲಿ ಬಳಸುವ ವೆಕ್ಟರ್ ಫೈಲ್) ಅದನ್ನು ಬೆಂಬಲಿಸುವುದಿಲ್ಲ ಅಲ್ವಾ? ಪಟ್ಟಿಯನ್ನು 12 ತುಂಡು ಮಾಡಿ ಬೇರೆ ಬೇರೆ ಲೀನಿಯರ್ ಕೊಟ್ಟೆ. ಸಂದಿನಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಕಾಣುತ್ತಿದೆ! ತುಂಡುಗಳನ್ನು ಸ್ವಲ್ಪ ಒಂದರ ಮೇಲೊಂದು ಹತ್ತಿಸಿದರೆ ಸಾಕಾ, ಬೇರೆ ದಾರಿ ಇದೆಯಾ? ಬ್ಯಾನರ್‌ಗೆ ಪಿಡಿಎಫ್ ಕೂಡ ಬೇಕು. ಗೊತ್ತಿದ್ದವರು ದಯವಿಟ್ಟು ಹೇಳಿ.