ಪ್ರಶ್ನೋತ್ತರ: ಪ್ರಾಸ್ಟೇಟ್ ಔಷಧಿಯ ಪ್ರಯೋಗದಲ್ಲಿ ಹುಸಿ ಮಾತ್ರೆ ಏಕೆ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನನಗೆ 62 ವರ್ಷ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದೆ, ಆದರೆ ಕ್ಯಾನ್ಸರ್ ಅಲ್ಲ ಎಂದು ಹೇಳಿದ್ದಾರೆ. ರಾತ್ರಿ ಮೂರು ನಾಲ್ಕು ಬಾರಿ ಎದ್ದು ಹೋಗಬೇಕಾಗುತ್ತದೆ, ಧಾರೆಯೂ ಸಣ್ಣಗಾಗಿದೆ. ಹೊಸ ಔಷಧಿಯೊಂದರ ಕ್ಲಿನಿಕಲ್ ಟ್ರಯಲ್‌ಗೆ ಸೇರುತ್ತೀರಾ ಎಂದು ಕೇಳಿದ್ದಾರೆ. ಅರ್ಧದಷ್ಟು ಜನರಿಗೆ ಔಷಧಿಯೇ ಇಲ್ಲದ ಹುಸಿ ಮಾತ್ರೆ ಕೊಡುತ್ತಾರಂತೆ, ಯಾರಿಗೆ ಯಾವುದು ಎಂಬುದು ವೈದ್ಯರಿಗೂ ತಿಳಿಯದಂತೆ. ಕಾಯಿಲೆ ಇದೆಯೆಂದು ಗೊತ್ತಿದ್ದೂ ಹೀಗೆ ಮಾಡುವುದು ಮೋಸವಲ್ಲವೇ? ಔಷಧಿಯನ್ನು ಎಲ್ಲರಿಗೂ ಕೊಟ್ಟು, ಎಷ್ಟು ಜನರಿಗೆ ಗುಣವಾಯಿತೆಂದು ಲೆಕ್ಕ ಹಾಕಿದರೆ ಸಾಲದೇ?

ಉತ್ತರ: ಸಾಲದು. ಬೇರೆ ಕೆಲವು ಕಾಯಿಲೆಗಳಲ್ಲಿ ಸಾಲಬಹುದೇನೋ, ಆದರೆ ನಮ್ಮ ಮೂತ್ರರೋಗ ವಿಭಾಗದಲ್ಲಿ ಖಂಡಿತ ಸಾಲದು.

ನಿಮ್ಮ ತೊಂದರೆಯನ್ನು ಅಳೆಯುವ ಮುಖ್ಯ ಸಾಧನ ಒಂದು ಪ್ರಶ್ನಾವಳಿ. ಕಳೆದ ಒಂದು ತಿಂಗಳಲ್ಲಿ ಮೂತ್ರ ಪೂರ್ತಿ ಖಾಲಿಯಾಗಲಿಲ್ಲ ಎನಿಸಿತೇ, ಧಾರೆ ನಡುವೆ ನಿಂತು ನಿಂತು ಬಂತೇ, ತಡೆದುಕೊಳ್ಳುವುದು ಕಷ್ಟವಾಯಿತೇ, ರಾತ್ರಿ ಎಷ್ಟು ಬಾರಿ ಎದ್ದಿರಿ ಎಂಬಂತಹ ಏಳು ಪ್ರಶ್ನೆಗಳು, ಪ್ರತಿಯೊಂದಕ್ಕೂ 0ಯಿಂದ 5ರವರೆಗೆ ಅಂಕ. ಒಟ್ಟು 7ರವರೆಗೆ ಸೌಮ್ಯ, 8ರಿಂದ 19 ಮಧ್ಯಮ, 20ರಿಂದ 35 ತೀವ್ರ. ಇದರ ಜೊತೆಗೆ ನೀವು ಒಂದು ಆಲಿಕೆಯೊಳಗೆ ಮೂತ್ರ ಮಾಡುತ್ತೀರಿ, ಕೆಳಗಿರುವ ಯಂತ್ರವು ಸೆಕೆಂಡಿಗೆ ಎಷ್ಟು ಮಿಲಿಲೀಟರ್ ಹರಿಯಿತೆಂದು ಗೆರೆ ಎಳೆಯುತ್ತದೆ. ಗರಿಷ್ಠ ವೇಗ 10ಕ್ಕಿಂತ ಕಡಿಮೆಯಿದ್ದರೆ ತಡೆ ಇರುವ ಅನುಮಾನ ಬಲವಾಗುತ್ತದೆ. ಆದರೆ ಮೂತ್ರಕೋಶವೇ ಸೋತಿದ್ದರೂ ಗೆರೆ ಹಾಗೆಯೇ ಚಪ್ಪಟೆಯಾಗಿ ಬರುವುದರಿಂದ ಅದೊಂದನ್ನೇ ನಂಬುವಂತಿಲ್ಲ. 150 ಮಿಲಿಲೀಟರಿಗಿಂತ ಕಡಿಮೆ ಮೂತ್ರವಿದ್ದರೆ ಆ ಪರೀಕ್ಷೆಗೆ ಬೆಲೆಯೂ ಇಲ್ಲ, ಹಾಗಾಗಿ ನೀರು ಕುಡಿದು ಕಾದು ಕೂರಬೇಕಾದೀತು.

ಹೀಗೆ ಅಳತೆಯ ಬಹುಪಾಲು ರೋಗಿಯ ಅನುಭವವೇ. ಈ ತೊಂದರೆ ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ತೀರಾ ಹೆಚ್ಚಾದಾಗಲೇ ಜನರು ವೈದ್ಯರ ಬಳಿ ಬರುತ್ತಾರೆ, ಆಗಲೇ ಟ್ರಯಲ್‌ಗೂ ಸೇರುತ್ತಾರೆ. ಆಮೇಲೆ ಏನು ಕೊಟ್ಟರೂ, ಏನೂ ಕೊಡದಿದ್ದರೂ, ಒಂದಷ್ಟು ಮಂದಿಗೆ ಕಡಿಮೆಯಾಗಿಯೇ ಆಗುತ್ತದೆ. ಅದರ ಮೇಲೆ ಯಾರೋ ಕಾಳಜಿಯಿಂದ ವಿಚಾರಿಸುತ್ತಿದ್ದಾರೆ, ಸಂಜೆಯ ಕಾಫಿ ಕಡಿಮೆ ಮಾಡಿ ಎನ್ನುತ್ತಿದ್ದಾರೆ ಎಂಬುದರ ಪ್ರಭಾವವೂ ಸೇರುತ್ತದೆ. 3,047 ಪುರುಷರನ್ನು ಸರಾಸರಿ ನಾಲ್ಕೂವರೆ ವರ್ಷ ಗಮನಿಸಿ 2003ರಲ್ಲಿ ಪ್ರಕಟವಾದ ಎಂಟಾಪ್ಸ್ ಅಧ್ಯಯನದಲ್ಲಿ ಹುಸಿ ಮಾತ್ರೆ ನುಂಗಿದವರ ಅಂಕವೂ ನಾಲ್ಕರಷ್ಟು ಇಳಿದಿತ್ತು. ಹೋಲಿಸುವ ಗುಂಪು ಇಲ್ಲದಿದ್ದರೆ ಆ ನಾಲ್ಕು ಅಂಕಗಳ ಶ್ರೇಯಸ್ಸೂ ಔಷಧಿಯ ಖಾತೆಗೇ ಜಮೆಯಾಗುತ್ತಿತ್ತು.

ಅದೇ ಅಧ್ಯಯನವು ಹುಸಿ ಮಾತ್ರೆಯ ನೆರವಿನಿಂದಲೇ ನಮಗೆ ಕಲಿಸಿದ್ದು ಬಹಳ. ಗ್ರಂಥಿಯ ಸ್ನಾಯುವನ್ನು ಸಡಿಲಿಸುವ ಡಾಕ್ಸಜೋಸಿನ್, ಕಾಯಿಲೆ ಮುಂದುವರಿಯುವ ಅಪಾಯವನ್ನು ಶೇ. 39ರಷ್ಟು ತಗ್ಗಿಸಿತು. ಹಾರ್ಮೋನಿನ ದಾರಿಯಲ್ಲಿ ಗ್ರಂಥಿಯನ್ನೇ ಕುಗ್ಗಿಸುವ ಫಿನಾಸ್ಟರೈಡ್ ಶೇ. 34ರಷ್ಟು, ಎರಡೂ ಸೇರಿ ಶೇ. 66ರಷ್ಟು. ಮೂತ್ರ ಪೂರ್ತಿ ಕಟ್ಟಿಹೋಗುವುದನ್ನೂ ಶಸ್ತ್ರಚಿಕಿತ್ಸೆಯ ಅಗತ್ಯವನ್ನೂ ದೀರ್ಘಕಾಲದಲ್ಲಿ ತಗ್ಗಿಸಿದ್ದು ಫಿನಾಸ್ಟರೈಡ್ ಮತ್ತು ಜೋಡಿ ಚಿಕಿತ್ಸೆ ಮಾತ್ರ. ಬೇಗ ಹಿತವೆನಿಸುವ ಡಾಕ್ಸಜೋಸಿನ್ ಒಂದೇ ಆ ಕೆಲಸ ಮಾಡಲಿಲ್ಲ. ರೋಗಿಯ ‘ಈಗ ಪರವಾಗಿಲ್ಲ’ ಎಂಬ ಮಾತಿನಿಂದ ಈ ವ್ಯತ್ಯಾಸ ಎಂದಿಗೂ ಹೊರಬರುತ್ತಿರಲಿಲ್ಲ.

ಮೋಸದ ವಿಚಾರಕ್ಕೆ ಬಂದರೆ, ನಿಮಗೆ ತಿಳಿಸದೆ ಹುಸಿ ಮಾತ್ರೆ ಕೊಟ್ಟರೆ ಅದು ಮೋಸ. ಮೊದಲೇ ತಿಳಿಸಿ, ಸಮ್ಮತಿ ಪಡೆದು, ಯಾವಾಗ ಬೇಕಾದರೂ ಹೊರಬರುವ ಹಕ್ಕನ್ನು ಉಳಿಸಿ ಕೊಟ್ಟರೆ ಅಲ್ಲ. ಸಹಿ ಹಾಕುವ ಮುನ್ನ ಮೂರು ವಿಷಯ ಕೇಳಿ: ಮೂತ್ರ ಕಟ್ಟಿದರೆ ಅಥವಾ ತೊಂದರೆ ಮಿತಿಮೀರಿದರೆ ಯಾವ ಚಿಕಿತ್ಸೆಯನ್ನು ಯಾರು ಕೊಡುತ್ತಾರೆ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನು ನಿಲ್ಲಿಸಬೇಕೇ, ಪ್ರಯೋಗ ಮುಗಿದ ಮೇಲೆ ಔಷಧಿ ಸಿಗುತ್ತದೆಯೇ. ಮೊದಲನೆಯದಕ್ಕೆ ಸ್ಪಷ್ಟ ಉತ್ತರ ಬರದಿದ್ದರೆ ಸೇರಬೇಡಿ.

ಪ್ರಶ್ನೆ ಕೇಳಿದ ಸದಸ್ಯರು: ವಿವರವಾಗಿ ಬರೆದಿದ್ದಕ್ಕೆ ಧನ್ಯವಾದಗಳು. ಸಮ್ಮತಿ ಪತ್ರದಲ್ಲಿ ಕಾಮಾಸಕ್ತಿ ಕುಂದುವುದು, ನಿಮಿರುವಿಕೆಯ ತೊಂದರೆ ಎಂದೆಲ್ಲ ಅಡ್ಡಪರಿಣಾಮಗಳ ಪಟ್ಟಿಯೇ ಇದೆ. ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಬರೆಯುವಾಗಲೂ ಸಂಕೋಚವಾಗುತ್ತಿದೆ.

ಉತ್ತರ: ಸಂಕೋಚ ಬೇಡ. ಈ ಸಂಗತಿಯನ್ನು ಮುಚ್ಚಿಡುವ ರೋಗಿಗಳಿಂದಾಗಿಯೇ ಅಧ್ಯಯನಗಳ ಲೆಕ್ಕ ತಪ್ಪುವುದುಂಟು. ಫಿನಾಸ್ಟರೈಡ್ ಬಗೆಯ ಮಾತ್ರೆಗಳಿಂದ ಕೆಲವರಿಗೆ ಈ ತೊಂದರೆಗಳು ಆಗುವುದು ನಿಜ. ಸ್ನಾಯು ಸಡಿಲಿಸುವ ಟ್ಯಾಮ್ಸುಲೋಸಿನ್‌ನಂಥವುಗಳಿಂದ ವೀರ್ಯ ಹೊರಬರದೆ ಹೋಗಬಹುದು, ಅದರಿಂದ ಅಪಾಯವಿಲ್ಲ.

ಓದಿದ್ದೇ ಪರಿಣಾಮವಾಗುವುದೂ ಉಂಟು. 2007ರಲ್ಲಿ ಪ್ರಕಟವಾದ ಚಿಕ್ಕ ಅಧ್ಯಯನವೊಂದರಲ್ಲಿ ಎಲ್ಲರಿಗೂ ಅದೇ ಫಿನಾಸ್ಟರೈಡ್ ಕೊಟ್ಟು, ಅರ್ಧದಷ್ಟು ಜನರಿಗೆ ಮಾತ್ರ ಲೈಂಗಿಕ ಅಡ್ಡಪರಿಣಾಮಗಳ ಬಗ್ಗೆ ಮೊದಲೇ ಹೇಳಲಾಯಿತು. ಒಂದು ವರ್ಷದ ನಂತರ ಅಂತಹ ತೊಂದರೆ ಹೇಳಿಕೊಂಡವರು, ತಿಳಿಸಿದ ಗುಂಪಿನಲ್ಲಿ ಶೇ. 43.6, ತಿಳಿಸದ ಗುಂಪಿನಲ್ಲಿ ಶೇ. 15.3. ಪೂರ್ತಿಗೊಳಿಸಿದವರು 107 ಮಂದಿ ಮಾತ್ರ, ಆದ್ದರಿಂದ ಅಂಕಿಗಳನ್ನು ಅತಿಯಾಗಿ ಹಿಗ್ಗಿಸುವುದು ಬೇಡ. ಹಾಗೆಂದು ರೋಗಿಗೆ ತಿಳಿಸದಿರುವುದೇ ಮೇಲೆಂಬ ವಾದ ನನಗೆ ಒಪ್ಪಿಗೆಯಿಲ್ಲ. ನಿಮ್ಮ ಈಗಿನ ಸ್ಥಿತಿಯನ್ನು ಮಾತ್ರೆ ಶುರುವಾಗುವ ಮೊದಲೇ ಪ್ರಾಮಾಣಿಕವಾಗಿ ದಾಖಲಿಸಿ, ಆಗ ನಂತರದ ಬದಲಾವಣೆಗೆ ಹೋಲಿಕೆ ಸಿಗುತ್ತದೆ. ನಿಮಿರು ದೌರ್ಬಲ್ಯ ಈಗಲೇ ಇದ್ದರೆ ಹೃದಯ, ಸಕ್ಕರೆ ಮತ್ತು ರಕ್ತದೊತ್ತಡದ ತಪಾಸಣೆಯನ್ನೂ ಮಾಡಿಸಿ, ಏಕೆಂದರೆ ರಕ್ತನಾಳದ ಕಾಯಿಲೆ ಹೃದಯಕ್ಕಿಂತ ಮುಂಚೆ ಅಲ್ಲಿ ಕಾಣಿಸಿಕೊಳ್ಳುವುದು ಸಾಮಾನ್ಯ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ ಬಗೆಯ ಮಾತ್ರೆಯನ್ನು ಮುಟ್ಟಲೇಬಾರದು. ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿಯುತ್ತದೆ.

ಇನ್ನೊಬ್ಬ ಸದಸ್ಯರು: ಇದೇ ಸಂದರ್ಭದಲ್ಲಿ ಒಂದು ಪ್ರಶ್ನೆ. ಉರಿಮೂತ್ರಕ್ಕೆ ಒಬ್ಬ ವೈದ್ಯರು ನನಗೆ ಏಳು ದಿನ ಆ್ಯಂಟಿಬಯೋಟಿಕ್ ಸಾಕೆಂದರು. ಹಿಂದೊಮ್ಮೆ ಚಳಿಜ್ವರದೊಂದಿಗೆ ಸೋಂಕಾದಾಗ ಇನ್ನೊಬ್ಬರು ಹದಿನಾಲ್ಕು ದಿನ ಕೊಟ್ಟಿದ್ದರು. ಯಾರ ಮಾತು ಸರಿ?

ಉತ್ತರ: ಇಬ್ಬರದೂ ಸರಿಯಿರುವ ಸಾಧ್ಯತೆ ಹೆಚ್ಚು, ವ್ಯತ್ಯಾಸವೆಲ್ಲ ಜ್ವರದಲ್ಲಿದೆ. ಜ್ವರವಿಲ್ಲದ ಮೂತ್ರ ಸೋಂಕಿನ 272 ಪುರುಷರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಏಳು ದಿನದ ನಂತರ ಒಂದು ಗುಂಪಿಗೆ ಔಷಧಿಯನ್ನೇ ಮುಂದುವರಿಸಿ, ಇನ್ನೊಂದಕ್ಕೆ ಹುಸಿ ಮಾತ್ರೆ ಕೊಟ್ಟರು. ಏಳು ದಿನದವರಲ್ಲಿ ಶೇ. 93.1, ಹದಿನಾಲ್ಕು ದಿನದವರಲ್ಲಿ ಶೇ. 90.2 ಮಂದಿಗೆ ಲಕ್ಷಣಗಳು ಹೋದವು. ಅಂದರೆ ಎರಡನೆಯ ವಾರದಿಂದ ಲಾಭವಿರಲಿಲ್ಲ. ಜ್ವರವಿದ್ದವರ ಮೇಲೆ ಆಫ್ಲೋಕ್ಸಾಸಿನ್ ಬಳಸಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚಿತ್ರ ತಿರುವುಮುರುವಾಯಿತು: ಏಳು ದಿನಕ್ಕೆ ಶೇ. 55.7, ಹದಿನಾಲ್ಕು ದಿನಕ್ಕೆ ಶೇ. 77.6 ಯಶಸ್ಸು. ಪುರುಷರಲ್ಲಿ ಜ್ವರವೆಂದರೆ ಪ್ರಾಸ್ಟೇಟ್ ಗ್ರಂಥಿಗೂ ಸೋಂಕು ಹರಡಿರಬಹುದು, ಅಲ್ಲಿಂದ ರೋಗಾಣುವನ್ನು ಹೊರಹಾಕಲು ಹೆಚ್ಚು ಸಮಯ ಬೇಕು. ಮಾತ್ರೆ ಶುರು ಮಾಡುವ ಮೊದಲೇ ರೋಗಾಣುವನ್ನು ಬೆಳೆಸಿ ಗುರುತಿಸುವ ಮೂತ್ರದ ಕಲ್ಚರ್‌ಗೆ ಕೊಡಿ, ನಂತರ ಕೊಟ್ಟರೆ ಬಹಳಷ್ಟು ಸಲ ಏನೂ ಬೆಳೆಯುವುದಿಲ್ಲ.

ಮತ್ತೊಬ್ಬ ಸದಸ್ಯರು: ಸಾ ಪಾಲ್ಮೆಟ್ಟೊ ಎಂಬ ಗಿಡಮೂಲಿಕೆಯ ಕ್ಯಾಪ್ಸೂಲಿನಿಂದ ನನ್ನ ಭಾವನವರಿಗೆ ತುಂಬಾ ಗುಣವಾಗಿದೆ. ಅಡ್ಡಪರಿಣಾಮವೂ ಇಲ್ಲ.

ಉತ್ತರ: ಅವರಿಗೆ ಗುಣವಾಗಿದ್ದನ್ನು ನಾನು ಅನುಮಾನಿಸುವುದಿಲ್ಲ. ಅದು ಕ್ಯಾಪ್ಸೂಲಿನಿಂದಲೇ ಆಯಿತೆಂಬುದಕ್ಕೆ ಆಧಾರವಿಲ್ಲ. 2006ರಲ್ಲಿ ಪ್ರಕಟವಾದ 225 ಪುರುಷರ ಒಂದು ವರ್ಷದ ಅಧ್ಯಯನದಲ್ಲಿ ಅದಕ್ಕೂ ಹುಸಿ ಕ್ಯಾಪ್ಸೂಲಿಗೂ ವ್ಯತ್ಯಾಸ ಕಾಣಲಿಲ್ಲ. ಪ್ರಮಾಣ ಕಡಿಮೆಯಾಯಿತೇನೋ ಎಂದು ಮೂರು ಪಟ್ಟಿನವರೆಗೆ ಏರಿಸಿ ನೋಡಿದ 2011ರ ಅಧ್ಯಯನದಲ್ಲಿಯೂ ಅದೇ ಫಲ.

ಮೊದಲ ಸದಸ್ಯರು: ಕೊನೆಯದಾಗಿ, ನಾನು ಒಂದು ವರ್ಷದಿಂದ ಫಿನಾಸ್ಟರೈಡ್ ತೆಗೆದುಕೊಳ್ಳುತ್ತಿದ್ದೇನೆ. ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವಿಗೆ ಮಾಡುವ ರಕ್ತಪರೀಕ್ಷೆ) 2.4 ಬಂದಿದೆ, ನಾಲ್ಕರ ಒಳಗಿದೆಯೆಂದು ನಿಶ್ಚಿಂತೆಯಿಂದ ಇರಬಹುದೇ?

ಉತ್ತರ: ಇದನ್ನು ಮೊದಲೇ ಹೇಳಬೇಕಿತ್ತು! ಈ ಮಾತ್ರೆಯನ್ನು ಆರು ತಿಂಗಳಿಂದ ಒಂದು ವರ್ಷ ತೆಗೆದುಕೊಂಡವರಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಆದ್ದರಿಂದ ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸಿ ಓದಬೇಕು. ನಿಮ್ಮ 2.4 ಎಂದರೆ ಸರಿಸುಮಾರು 4.8. ಅದರಿಂದಲೇ ಕ್ಯಾನ್ಸರ್ ಎಂದಾಗುವುದಿಲ್ಲ. ದೊಡ್ಡ ಗ್ರಂಥಿಯಿಂದಲೂ ಹಾಗೆ ಬರಬಹುದು, ಮೂತ್ರ ಸೋಂಕಿನಿಂದಲೂ ಏರಬಹುದು. ಮಾತ್ರೆ ಶುರುವಾಗುವ ಮುಂಚಿನ ವರದಿಯನ್ನು ಹುಡುಕಿ ತೆಗೆದು, ಎರಡನ್ನೂ ನಿಮ್ಮ ಯೂರಾಲಜಿಸ್ಟ್‌ಗೆ ತೋರಿಸಿ. ಮಾತ್ರೆ ನಡೆಯುತ್ತಿರುವಾಗಲೇ ಅಂಕಿ ಅತಿ ಕೆಳಮಟ್ಟದಿಂದ ಮತ್ತೆ ಏರತೊಡಗಿದ್ದರೆ, ನಾಲ್ಕರ ಒಳಗಿದ್ದರೂ ಪರೀಕ್ಷೆ ಮುಂದುವರಿಸಬೇಕಾಗುತ್ತದೆ. ಟ್ರಯಲ್‌ನವರಿಗೂ ಫಿನಾಸ್ಟರೈಡ್ ವಿಷಯ ತಿಳಿಸಿ. ಅದನ್ನು ತೆಗೆದುಕೊಳ್ಳುತ್ತಿರುವವರನ್ನು ಅನೇಕ ಪ್ರಯೋಗಗಳಲ್ಲಿ ಸೇರಿಸಿಕೊಳ್ಳುವುದೇ ಇಲ್ಲ.