ಟೊಮ್ಯಾಟೊ ಕೈಕೊಟ್ಟ ಮೇಲೆ ಏನಾದರೂ ಉಳಿಯುತ್ತದಾ?

ಬಂಗಾರಪೇಟೆ ಹುಡುಗ: ಬೆಂಗಳೂರಿನ ಕೆಲಸ ಬಿಟ್ಟು ಬಂದು ಒಂದು ಎಕರೆ ಟೊಮ್ಯಾಟೊ ಹಾಕಿದೆ. ಬೆಳೆ ಚೆನ್ನಾಗೇ ಬಂತು, ರೇಟ್ ಬಿತ್ತು. ಕೋಲಾರ ಮಂಡಿಗೆ 15 ಕೆಜಿ ಬಾಕ್ಸ್ ಹಾಕಿದರೆ ಕಿತ್ತ ಕೂಲಿಯೂ ಹುಟ್ಟಲಿಲ್ಲ. ಸೋಲಲ್ಲೂ ಲಾಭ ಇದೆ ಅಂತಾರಲ್ಲ, ಎಲ್ಲಿದೆ ಸ್ವಾಮಿ?

ಮಾಲೂರು ರೈತ: ಗಿಡಕ್ಕೆ ಊರಿದ ಕೋಲು, ಮಣ್ಣಿಗೆ ಹೊದಿಸಿದ ಮಲ್ಚಿಂಗ್ ಶೀಟು, ಡ್ರಿಪ್ ಪೈಪು ಕೀಳಬೇಡಿ ಅಣ್ಣ. ಗಿಡ ತೆಗೆದು ಅದೇ ಸಾಲಲ್ಲಿ ಹೀರೆ ಇಲ್ಲ ಬೀನ್ಸ್ ಹಾಕಿ. ಆ ಖರ್ಚು ಆಗಲೇ ಆಗಿಹೋಗಿದೆ ಅಲ್ವಾ. ಬದನೆ, ಮೆಣಸಿನಕಾಯಿ ಮಾತ್ರ ಬೇಡ, ಅವೂ ಟೊಮ್ಯಾಟೊ ಕುಟುಂಬದವೇ, ರೋಗ ದಾಟುತ್ತದೆ.

ಗಣಿ ಮೇಷ್ಟ್ರು: ಪಕ್ಕದಲ್ಲೇ ಕೆಜಿಎಫ್ ಚಿನ್ನದ ಗಣಿ ಇದೆಯಲ್ಲಪ್ಪ. 1960ರ ದಶಕದ ಶುರುವಿನಲ್ಲಿ ವಿಜ್ಞಾನಿಗಳು ಮೇಲಿನ ವಾತಾವರಣದಿಂದ ಸುರಿಯುವ ಮ್ಯೂಯಾನ್ ಅನ್ನೋ ಸೂಕ್ಷ್ಮ ಕಣ ಎಣಿಸುತ್ತಾ ಗಣಿಯೊಳಗೆ ಇಳಿದರು, ತೀರಾ ಆಳದಲ್ಲಿ ಎರಡು ತಿಂಗಳು ಕಾದರೂ ಒಂದೂ ಸಿಗಲಿಲ್ಲ. ನಾನಾಗಿದ್ದರೆ ಸುಮ್ನೆ ಗಂಟುಮೂಟೆ ಕಟ್ಟುತ್ತಿದ್ದೆ. ಅವರು, ಬೇರೆ ಕಣಗಳ ಗದ್ದಲ ಇಲ್ಲದ ಇಷ್ಟು ನಿಶ್ಶಬ್ದ ಜಾಗ, ಬಂಡೆಯನ್ನೂ ತೂರಿ ಬರುವ ನ್ಯೂಟ್ರಿನೋ ಅನ್ನೋ ಕಣ ಹುಡುಕೋಕೆ ಸರಿ ಅಂದುಕೊಂಡರು. 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋದ ಗುರುತು ಅಲ್ಲೇ ಸಿಕ್ಕಿತು.

ಬಂಗಾರಪೇಟೆ ಹುಡುಗ: ನ್ಯೂಟ್ರಿನೋ ಬಾಕ್ಸ್ ಮಂಡಿಯಲ್ಲಿ ಎಷ್ಟಕ್ಕೆ ಹೋಗುತ್ತದೆ ಮೇಷ್ಟ್ರೇ? 😀 ಇರಲಿ, ಕೋಲು ಕೀಳೋಕೆ ನಾಳೆ ಆಳು ಹೇಳಿದ್ದೆ, ಬೇಡ ಅಂದುಬಿಟ್ಟೆ. ಹೀರೆ ಬೀಜ ತರುತ್ತೇನೆ.