ಚಕಮಕಿಯೋ, ಕಾಳಗವೋ? ಸ್ಯಾಂಡ್‌ಫಾಂಟೇನ್‌ಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಜರ್ಮನ್ ನೈರುತ್ಯ ಆಫ್ರಿಕಾದಲ್ಲಿ, ಅಂದರೆ ಇಂದಿನ ನಮೀಬಿಯದಲ್ಲಿ, ನಡೆದ ದಂಡಯಾತ್ರೆಯ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. 1914ರ ಸೆಪ್ಟೆಂಬರ್ 26ರಂದು ಸ್ಯಾಂಡ್‌ಫಾಂಟೇನ್‌ನಲ್ಲಿ ಆದದ್ದನ್ನು ಏನೆಂದು ಕರೆಯಲಿ ಎಂಬಲ್ಲಿ ಸಿಕ್ಕಿಕೊಂಡಿದ್ದೇನೆ.

ಮೊದಲು ಕೈಗೆ ಬಂದ ಪದ ‘ಚಕಮಕಿ’. ಮಹಾಯುದ್ಧದ ಲೆಕ್ಕದಲ್ಲಿ ಇದು ತೀರ ಸಣ್ಣದು. ಪತ್ರಿಕೆಗಳಲ್ಲಿ ‘ಗುಂಡಿನ ಚಕಮಕಿ’ಯನ್ನು ದಿನವೂ ಓದುತ್ತೇವೆ, ಸದನದ ವರದಿಗಳಲ್ಲಿ ‘ಮಾತಿನ ಚಕಮಕಿ’ಯನ್ನೂ. ಆದರೆ ಚಕಮಕಿ ಮೂಲದಲ್ಲಿ ಕಿಡಿ ಹಾರಿಸುವ ಕಲ್ಲು; ತುರ್ಕಿಯ ‘ಚಕ್ಮಕ್’ ಪಾರಸಿ, ಹಿಂದೂಸ್ತಾನಿಗಳನ್ನು ಹಾದು ನಮ್ಮಲ್ಲಿಗೆ ಬಂದಿದೆ. ಕಲ್ಲಿಗೆ ಕಲ್ಲು ತಾಕಿತು, ಕಿಡಿ ಹಾರಿತು, ಆರಿತು. ಆ ಕ್ಷಣಿಕತೆ ಪದಕ್ಕೆ ಈಗಲೂ ಅಂಟಿಕೊಂಡಿದೆ.

ಸ್ಯಾಂಡ್‌ಫಾಂಟೇನ್‌ನಲ್ಲಿ ಹಾಗಾಗಲಿಲ್ಲ. ದಕ್ಷಿಣ ಆಫ್ರಿಕಾದ ಸುಮಾರು 300 ಮಂದಿ ಆರೆಂಜ್ ನದಿ ದಾಟಿ, ಬಾವಿಗಳಿದ್ದ ಆ ಜಾಗವನ್ನು ಹಿಡಿದಿದ್ದರು. ಕರ್ನಲ್ ಗ್ರಾಂಟ್ ನಾಯಕ, ಇದ್ದದ್ದು ಎರಡೇ ಫಿರಂಗಿ. ಹೈಡೆಬ್ರೆಕ್ ಕೈಕೆಳಗಿನ ಜರ್ಮನ್ ಪಡೆ ಅದರ ಐದಾರು ಪಟ್ಟು ದೊಡ್ಡದು, ಸುತ್ತಲಿಂದಲೂ ಮುತ್ತಿತು. ಬೆಳಗ್ಗೆ ಶುರುವಾದದ್ದು ಸಂಜೆಯವರೆಗೂ ನಡೆಯಿತು. ಗ್ರಾಂಟ್ ಗಾಯಗೊಂಡ, ಕೊನೆಗೆ ಶರಣಾದ. ಉಳಿದವರೆಲ್ಲ ಸೆರೆಯಾದರು. ಇಡೀ ಹಗಲು ಕಲ್ಲುಗಳ ಮರೆಯಲ್ಲಿ ಬಾಯಾರಿ ಬಿದ್ದಿದ್ದವರ ಪಾಡಿಗೆ ‘ಚಕಮಕಿ’ ಎಂದು ಬರೆದು ಮುಂದೆ ಹೋಗಲು ನನಗೆ ಮನಸ್ಸೊಪ್ಪುತ್ತಿಲ್ಲ.

‘ಯುದ್ಧ’ ಎಂದರೆ ಅತಿಯಾಯಿತು. ನನ್ನ ಒಲವು ‘ಕಾಳಗ’ದ ಕಡೆಗೆ. ಈ ಪದಕ್ಕೆ ಅಳತೆಯ ಹಂಗಿಲ್ಲ. ವೀರಗಲ್ಲುಗಳು ನೆನಪಿಸುವ ತುರುಗಾಳಗ ಒಂದೂರಿನ ದನಗಳಿಗಾಗಿ ನಡೆದದ್ದು. ಯಕ್ಷಗಾನದಲ್ಲಿ ಇಬ್ಬರೇ ವೀರರು ಎದುರಾದರೂ ಕಾಳಗ, ಕೋಳಿ ಅಂಕದಲ್ಲಿ ಹುಂಜಗಳದ್ದೂ ಕಾಳಗ. ಮಂದಿ ಎಷ್ಟೇ ಇರಲಿ, ಬಿಡದೆ ಕಾದಾಡಿದರು ಎಂಬ ಅರ್ಥ ಅದರಲ್ಲಿದೆ. ಕೆಲವರು ಬಳಸುವ ‘ಕಿರುಗಾಳಗ’ ನನ್ನ ಕಿವಿಗೆ ಹಿಡಿಸುತ್ತಿಲ್ಲ. ಸತ್ತವನಿಗೆ ಯಾವ ಕಾಳಗವೂ ಕಿರಿದಲ್ಲ.

ನೆಲದ ಪದಗಳಲ್ಲೂ ಇದೇ ಪೇಚು. ‘ಮರಳುಗಾಡು’ ಎಂದೊಡನೆ ದಿಬ್ಬಗಳು ಕಣ್ಣಿಗೆ ಬರುತ್ತವೆ. ಅಂಥ ದಿಬ್ಬಗಳಿರುವುದು ಕರಾವಳಿಯ ನಮೀಬ್‌ನಲ್ಲಿ. ಆರೆಂಜ್ ನದಿಯ ಉತ್ತರದ ಈ ಸೀಮೆ ಒಣಗಿ ಬೆಂದ ಕಲ್ಲುನೆಲ. ಅದಕ್ಕೆ ‘ಬೆಂಗಾಡು’ ಒಪ್ಪುತ್ತದೆ, ಹಳಗನ್ನಡದ ಬೆನ್ನೀರಿನಲ್ಲಿರುವ ಅದೇ ಬಿಸಿ ಇದರಲ್ಲೂ ಇದೆ. ಅಲ್ಲಿನವರು ‘ಕೊಪ್ಪಿ’ ಎನ್ನುವ ಕಲ್ಲುಗುಡ್ಡಕ್ಕೆ ನಮ್ಮ ‘ಮೊರಡಿ’ಗಿಂತ ಒಳ್ಳೆಯ ಪದ ಸಿಕ್ಕೀತೆ? ಸ್ಯಾಂಡ್‌ಫಾಂಟೇನ್ ಎಂಬ ಹೆಸರನ್ನೇ ಬಿಡಿಸಿದರೆ ‘ಮರಳೊರತೆ’. ಬತ್ತಿದ ಹೊಳೆಯಲ್ಲಿ ಒರತೆ ತೋಡಿ ಕೊಡ ತುಂಬಿಕೊಂಡವರಿಗೆ, ಒಂದು ನೀರಿನ ಕಣ್ಣಿಗಾಗಿ ಎರಡು ಪಡೆಗಳು ಯಾಕೆ ಬಡಿದಾಡಿದವು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಜರ್ಮನ್ ವಸಾಹತು ಪಡೆಯ ಹೆಸರು, ‘ಶುಟ್ಸ್‌ಟ್ರುಪ್ಪ’. ಪದಕ್ಕೆ ಪದ ಇಟ್ಟರೆ ‘ಕಾಪಿನ ಪಡೆ’ ಅಥವಾ ‘ರಕ್ಷಣಾ ಪಡೆ’. ಆದರೆ 1904ರಿಂದ 1908ರವರೆಗೆ ಹೆರೆರೊ ಮತ್ತು ನಾಮ ಜನರನ್ನು ಸಾವಿರಗಟ್ಟಲೆ ಕೊಂದದ್ದು ಇದೇ ಪಡೆ. ‘ರಕ್ಷಣೆ’ ಎಂದು ನನ್ನ ಕೈಯಾರೆ ಬರೆಯಲಾರೆ. ಹೆಸರನ್ನು ಹಾಗೇ ಉಳಿಸಿ, ಅರ್ಥವನ್ನೂ ಈ ಹಿನ್ನೆಲೆಯನ್ನೂ ಒಮ್ಮೆ ಹೇಳಿಬಿಡುವುದು ಸರಿಯೆನಿಸಿದೆ. ಬೇರೆ ದಾರಿ ಇದ್ದರೆ ಸೂಚಿಸಿ.

ಕೊನೆಯದಾಗಿ ಒಂದು ಕೇಳಿಕೆ. ಅದೇ ಯುದ್ಧದಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರು ಸೂಯೆಜ್ ಕಾಲುವೆ ಕಾಯ್ದರು, ಮುಂದೆ 1918ರಲ್ಲಿ ಹೈಫಾದಲ್ಲಿ ತುರ್ಕರ ಮೇಲೆ ಕಾದಿದರು. ಅವರ ಮನೆಗಳಲ್ಲಿ, ಕೊಡಗಿನ ಸೈನಿಕರ ಮನೆಗಳಲ್ಲಿ, ಇಂಥ ಸಣ್ಣ ಹೊಡೆದಾಟಗಳಿಗೆ ಹಿರಿಯರು ಯಾವ ಮಾತು ಬಳಸುತ್ತಿದ್ದರು? ಅಜ್ಜನ ಬಾಯಲ್ಲಿ ಕೇಳಿದ ಪದ ಯಾರಿಗಾದರೂ ನೆನಪಿದ್ದರೆ, ಯಾವ ಸೀಮೆಯದೆಂಬುದರ ಜೊತೆಗೆ ದಯವಿಟ್ಟು ತಿಳಿಸಿ.